ಹದಿನಾಲ್ಕನೇ ವಯರು

ಮೊದಲೇ ಹೇಳಿಬಿಡ್ತೀನಿ, ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಆಸಾಮಿ ಈಗಲೂ ಗುಂಡುಕಲ್ಲಿನ ಹಾಗಿದ್ದಾನೆ, ಬೇಕಾದರೆ ಹೋಗಿ ಕೇಳಿ. ಹೇಳಲ್ಲ, ಅಷ್ಟೇ. ನನಗೂ ಒಂದೇ ಒಂದು ಸಲ ಹೇಳಿದ್ದು. ಆಮೇಲೆ ಆ ಮಾತು ಎತ್ತಿದರೆ ಎದ್ದು ಹೋಗ್ತಾನೆ. ಯಾರದು ಆಗಲೇ ನಗ್ತಿರೋದು? ನಗು, ನಗು. ಕತೆ ಮುಗಿದ ಮೇಲೆ ನೀರು ಕುಡಿಯೋಕೆ ಅಡುಗೆಮನೆಗೆ ಒಬ್ಬನೇ ಹೋಗಿ ಬಾ, ಆಗ ನೋಡೋಣ.

ಅವತ್ತು ಶುಕ್ರವಾರ. ರಾತ್ರಿ ಹನ್ನೊಂದು ದಾಟಿತ್ತು. ಅವನು ಕೆಲಸ ಮುಗಿಸಿಕೊಂಡು ಮನೆ ಕಡೆ ನಡ್ಕೊಂಡು ಬರ್ತಿದ್ದ. ಆ ದಾರೀಲಿ ಒಂದು ಹಾಳು ಬಾವಿ. ನೀರು ಬತ್ತಿ ಎಷ್ಟೋ ವರ್ಷ ಆಗಿತ್ತು, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದರು. ಬೀದಿದೀಪ ಈ ಕಡೆಗೊಂದು, ಆ ಕಡೆಗೊಂದು. ಬಾವಿ ಇರೋ ಜಾಗ ಮಾತ್ರ ಕತ್ತಲು. ದಿನಾ ಓಡಾಡೋ ದಾರಿ, ಹೆದರಿಕೆ ಏನಿಲ್ಲ. ಹಾಗೇ ದಾಟ್ತಿದ್ದ…

ಟಕ್. ಟಕ್.

ನಿಂತ. ಮರದ ಮೇಜಿನ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಕುಟ್ಟಿದ ಹಾಗೆ. ಎರಡೇ ಸಲ. ಬಾವಿಯೊಳಗಿಂದ.

ಕಿವಿಗೊಟ್ಟು ನೋಡಿದ. ಏನೂ ಇಲ್ಲ. ತನ್ನ ಕೈಗಡಿಯಾರದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಯಾವುದೋ ಕಲ್ಲು ಬಿದ್ದಿರಬೇಕು ಅಂದ್ಕೊಂಡು ಒಂದು ಹೆಜ್ಜೆ ಇಟ್ಟ… ಜೇಬಲ್ಲಿ ಫೋನು ಗುರ್ ಅಂತು. ಜೀವ ಬಾಯಿಗೆ ಬಂತು.

ಫೋನು ಮಾಡಿದ್ದು ಓದುಮನೆ ವಾಚ್‌ಮನ್ ತಾತ. ಪಿಸುಗುಡ್ತಿದ್ದ.

“ಎಲ್ಲಿದ್ದೀಯಪ್ಪಾ?”

“ಮನೆ ಹತ್ರ. ಯಾಕೆ ತಾತ, ಇಷ್ಟು ಮೆಲ್ಲಗೆ?”

“ನೀನು ಶುರು ಮಾಡಿ ಹೋದೆಯಲ್ಲ, ಆ ಹಸಿರು ಪಟ್ಟಿ… ಅದು ಮುಂದಕ್ಕೆ ಹೋಗ್ತಿಲ್ಲ.”

“ನಿಂತುಬಿಟ್ಟಿದ್ಯಾ?”

“ನಿಂತಿಲ್ಲ. ತೆವಳ್ತಿದೆ. ಬಂದುಬಿಡು.”

ಫೋನು ಕಟ್ಟಾಯ್ತು. ಅವನು ತನ್ನ ಹಣೆಬರಹವನ್ನ ಬೈಕೊಂಡು ವಾಪಸ್ ತಿರುಗಿದ. ಅವನು ನಡೀತಿರಲಿ, ಅಷ್ಟರಲ್ಲಿ ನಿಮಗೆ ಒಂದಿಷ್ಟು ವಿಷಯ ಹೇಳಿಬಿಡ್ತೀನಿ. ಇಲ್ಲದಿದ್ದರೆ ಮಧ್ಯೆ ಮಧ್ಯೆ ಯಾಕೆ, ಏನು ಅಂತ ನನ್ನ ತಲೆ ತಿಂತೀರ.

ಅವನನ್ನ ಮನೇಲಿ ನಾವೆಲ್ಲ ಲೇಟಣ್ಣ ಅಂತಲೇ ಕರೆಯೋದು. ಬಸ್ಸು ಹೋದ ಮೇಲೆ ಸ್ಟಾಪಿಗೆ ಬರೋ ಪೈಕಿ. ತನ್ನ ಈ ರೋಗಕ್ಕೆ ಅವನೇ ಒಂದು ಔಷಧಿ ಕಂಡುಹಿಡಿದಿದ್ದ. ಗಡಿಯಾರವನ್ನ ಬೇಕಂತಲೇ ಒಂಬತ್ತು ನಿಮಿಷ ಮುಂದೆ ಇಟ್ಕೊಳ್ಳೋದು. ಹತ್ತು ಯಾಕಲ್ಲ ಅಂದರೆ, ಹತ್ತು ಕಳೆಯೋದು ಸುಲಭವಂತೆ. ಒಂಬತ್ತಾದರೆ ಲೆಕ್ಕ ಹಾಕೋಕೆ ಸೋಮಾರಿತನ ಬಂದು ಹಾಗೇ ಓಡ್ತೀನಿ ಅಂತಿದ್ದ. ಅವನು ಓಡಿದ್ದನ್ನ ನಾವು ಯಾರೂ ನೋಡಿರಲಿಲ್ಲ. ಆ ಗಡಿಯಾರವೂ ಅವನ ಹಾಗೇ. ಅವರಪ್ಪ ಕಟ್ತಿದ್ದ, ಕೀ ಕೊಡೋ ಗಡಿಯಾರ. ಮೂರು ಸಲ ಸರಿಯಾಗಿ ಹೊಡೆದು ನಾಲ್ಕನೆಯದಕ್ಕೆ ಸ್ವಲ್ಪ ತಡ ಮಾಡ್ತಿತ್ತು. ಟಿಕಿ ಟಿಕಿ ಟಿಕಿ… ಟಿಕ್. ಕುಂಟೋರು ನಡೆದ ಹಾಗೆ. ಪಕ್ಕದಲ್ಲಿ ಕೂತರೆ ನಮಗೂ ಕೇಳೋದು.

ಕೆಲಸ ಏನಪ್ಪಾ ಅಂದರೆ, ಆಫೀಸುಗಳಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ವಯರು ಎಳೆಯೋದು. ಇದರಲ್ಲಿರೋ ಫೈಲು ಅದಕ್ಕೆ ಬೇಗ ಹೋಗದಿದ್ದರೆ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಹುಡುಕೋದು. ಅದರಲ್ಲಿ ಮಾತ್ರ ಎತ್ತಿದ ಕೈ.

ಓದುಮನೆ ಅಂದರೆ, ಕಣ್ಣು ಕಾಣದೇ ಇರೋರಿಗೆ ಅಂತ ಪುಸ್ತಕ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡೋ ಜಾಗ. ಕೆಳಗೆ ಆಫೀಸು, ಮೇಲೆ ಓದೋ ಕೋಣೆ. ಆ ಕೋಣೆ ಬಾಗಿಲ ಮೇಲೆ ಒಂದು ಕೆಂಪು ದೀಪ. ದೀಪ ಹತ್ತಿದೆ ಅಂದರೆ ಒಳಗೆ ಯಾರೋ ಓದ್ತಿದ್ದಾರೆ, ಇಡೀ ಮನೆ ಪಿಸುಮಾತಿಗೆ ಇಳೀಬೇಕು. ಅಲ್ಲಿ ಒಂದೆರಡು ಪದ್ಧತಿ. ಓದೋವಾಗ ಯಾರಾದರೂ ಕೆಮ್ಮಿದರೆ, ಬಾಗಿಲು ಬಡಿದರೆ, ಓದೋರು ಪೆನ್ಸಿಲಿನಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಬೇಕು. ಟಕ್ ಟಕ್. ಆಮೇಲೆ ಆ ಭಾಗವನ್ನ ಮೊದಲಿನಿಂದ ಓದಬೇಕು. ಆಮೇಲೆ ಕೂತು ಬೇಡದ್ದನ್ನ ಕತ್ತರಿಸೋರಿಗೆ ಅದು ಗುರುತು. ಇನ್ನೊಂದು, ಅಧ್ಯಾಯ ಮುಗಿದ ಕೂಡಲೇ ಗೋಡೆ ಗಡಿಯಾರ ನೋಡಿ ವಾರ, ಗಂಟೆ, ನಿಮಿಷ ಹೇಳಬೇಕು. ಹೇಳೋತನಕ ಅಧ್ಯಾಯ ಮುಗಿದ ಲೆಕ್ಕ ಇಲ್ಲ.

ಲೇಟಣ್ಣನಿಗೆ ಒಬ್ಬಳೇ ತಂಗಿ. ಪುಟ್ಟಿ ಅಂತ ಕರೀತೀವಿ. ಚಿಕ್ಕಂದಿನಿಂದಲೂ ಅವಳಿಗೆ ಕಣ್ಣಿಲ್ಲ. ಮೈಕೈ ನೋವಿಗೆ ವ್ಯಾಯಾಮ ಮಾಡಿಸಿ ವಾಸಿ ಮಾಡ್ತಾರಲ್ಲ, ಆ ಓದು ಓದ್ತಿದ್ದಳು. ದೇಹದ ರಚನೆಯ ಪರೀಕ್ಷೆ ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ಹೋಗಿತ್ತು. ಮೂರನೆಯದೇ ಕೊನೆ, ಆಮೇಲೆ ಕಾಲೇಜಿನವರು ಮನೆಗೆ ಹೋಗು ಅಂತಾರೆ. ಆ ಪರೀಕ್ಷೆ ಸೋಮವಾರ. ಪುಸ್ತಕದಲ್ಲಿ ಹನ್ನೆರಡು ಅಧ್ಯಾಯ. ಹನ್ನೊಂದು ಅವಳ ಕಿವೀಲಿ ಅರೆದು ಹೋಗಿತ್ತು. ಹನ್ನೆರಡನೆಯದು ಬಂದಿರಲಿಲ್ಲ. ಓದ್ತಿದ್ದ ಟೀಚರ್ ಪುಟ್ಟಿಗೆ ಫೋನಲ್ಲಿ ಮಾತು ಕೊಟ್ಟಿದ್ದರು. “ಯೋಚನೆ ಮಾಡಬೇಡ ಕಣಮ್ಮ, ನಿನ್ನ ಪರೀಕ್ಷೆ ಮುಂಚೆ ಮುಗಿಸಿಕೊಡ್ತೀನಿ.”

ಹೇಳಿದ್ದಕ್ಕೆ ನಾಲ್ಕನೇ ದಿನ ಟೀಚರ್ ತೀರಿಕೊಂಡರು. ಹನ್ನೆರಡನೇ ಅಧ್ಯಾಯ ಎಂಟು ನಿಮಿಷ ಓದಿದ್ದರು, ಅಷ್ಟೇ. ಅದಾಗಿ ಆಗಲೇ ಮೂರು ವಾರ. ಪರೀಕ್ಷೆ ಮುಗಿಯೋತನಕ ಬೇಡ ಅಂತ ಲೇಟಣ್ಣ ಪುಟ್ಟಿಗೆ ಈ ವಿಷಯ ಹೇಳಿರಲಿಲ್ಲ. ಅವಳು ದಿನಾ ಕೇಳೋಳು, “ಬಂತಾಣ್ಣ?” ಇವನು ದಿನಾ ಸುಳ್ಳು ಹೇಳೋನು, “ನಾಳೆ ಬರುತ್ತೆ.”

ಓದುಮನೆ ಬೇರೆ ಕಟ್ಟಡಕ್ಕೆ ಹೋಗ್ತಿತ್ತು. ಶನಿವಾರ ಬೆಳಗ್ಗೆ ಆರಕ್ಕೆ ಹಳೇ ಕಟ್ಟಡದ ಕರೆಂಟು ತೆಗೆಯೋರಿದ್ದರು. ಅಷ್ಟೂ ರೆಕಾರ್ಡಿಂಗ್ ಇದ್ದ ಹಳೇ ಕಂಪ್ಯೂಟರಿನ ಪೆಟ್ಟಿಗೆಯನ್ನ ಒಮ್ಮೆ ಆರಿಸಿದರೆ ಅದು ಮತ್ತೆ ಏಳುತ್ತೆ ಅನ್ನೋ ನಂಬಿಕೆ ಯಾರಿಗೂ ಇರಲಿಲ್ಲ. ಅದಕ್ಕೇ ರಾತ್ರಿ ಎಲ್ಲವನ್ನೂ ಹೊಸ ಪೆಟ್ಟಿಗೆಗೆ ನಕಲು ಮಾಡೋ ಕೆಲಸ. ಒಂಬತ್ತಕ್ಕೆ ಶುರು ಮಾಡಿ, ಹತ್ತೂಮುಕ್ಕಾಲರವರೆಗೆ ಅದೂ ಇದೂ ಗಂಟು ಕಟ್ಟಿಟ್ಟು, ತಾನಾಗೇ ಮುಗಿಯುತ್ತೆ ಬಿಡು ಅಂತ ಪುಣ್ಯಾತ್ಮ ಮನೆಗೆ ಹೊರಟಿದ್ದು.

ಸರಿ. ವಾಪಸ್ ಬಂದನಲ್ಲ. ತಾತ ಗೇಟಿನಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದ, ಕಟ್ಟಡಕ್ಕೆ ಬೆನ್ನು ಕೊಟ್ಟು. ಒಳಗೆ ಹೋಗು ಅಂತ ಕೈ ತೋರಿಸಿದ.

ಕೆಳಗಿನ ಕೋಣೇಲಿ ಪರದೆ ಒಂದೇ ಬೆಳಕು. ನಕಲು ಎಷ್ಟಾಯ್ತು ಅಂತ ತೋರಿಸೋ ಹಸಿರು ಪಟ್ಟಿ ಕಾಲುಭಾಗವೂ ದಾಟಿರಲಿಲ್ಲ. ‘ಉಳಿದ ಸಮಯ: ಒಂಬತ್ತು ದಿನ’ ಅಂತ ತೋರಿಸ್ತಿತ್ತು. ನೋಡ್ತಿದ್ದ ಹಾಗೇ ಹತ್ತು ದಿನ ಆಯ್ತು. ಸೆಕೆಂಡಿಗೆ ಒಂದು ಪುಸ್ತಕ ಹೋಗಬೇಕಾದ ಕಡೆ ಒಂದು ಸಾಲೂ ಹೋಗ್ತಿಲ್ಲ.

ಅವನು ತೋಳು ಮಡಚಿದ. ವಯರು ಬದಲಾಯಿಸಿದ. ಊಹೂಂ. ಹೊಸ ಪೆಟ್ಟಿಗೆಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಒಂದು ಫೈಲು ಹಾಕಿ ನೋಡಿದ. ಚಕ್ ಅಂತ ಹೋಯ್ತು. ಹಳೇದರಲ್ಲೂ ಹಾಗೇ. ಅಂದರೆ ಎರಡು ಪೆಟ್ಟಿಗೆಯೂ ಸರಿ ಇದೆ, ಇವೆರಡರ ಮಧ್ಯೆ ಏನೋ ಇದೆ. ವೈರಸ್ ನೋಡೋ ಪ್ರೋಗ್ರಾಮು ನಿಲ್ಲಿಸಿದ. ಊಹೂಂ. ಎಲ್ಲ ವಯರೂ ಬಂದು ಸೇರೋ ಡಬ್ಬಿ ಒಂದಿರುತ್ತೆ, ಸ್ವಿಚ್ಚು ಅಂತಾರೆ, ಒಂದೊಂದು ತೂತಿಗೂ ಒಂದೊಂದು ಪುಟ್ಟ ಹಸಿರು ದೀಪ. ಅದನ್ನ ಆರಿಸಿ ಹಚ್ಚಿದ. ದೀಪಗಳು ಪಟಪಟ ಅಂತ ಹತ್ತಿಕೊಂಡವು. ಪಟ್ಟಿ ಮಾತ್ರ ಹಾಗೇ ತೆವಳ್ತಿತ್ತು.

ಇಂಥ ಹೊತ್ತಲ್ಲಿ ಕೊನೇ ದಾರಿ ಒಂದೇ. ಒಂದೊಂದಾಗಿ ವಯರು ಕಿತ್ತು ನೋಡೋದು. ಯಾವುದನ್ನ ಕಿತ್ತಾಗ ದಾರಿ ಬಿಡುವಾಗುತ್ತೋ ಅದೇ ಕಳ್ಳ. ಕಿತ್ತ. ಒಂದು, ಎರಡು, ಮೂರು… ಎಲ್ಲ ಸುಮ್ಮನಿದ್ದವು. ಹದಿನಾಲ್ಕನೆಯದನ್ನ ಕಿತ್ತ.

ಪಟ್ಟಿ ಜಿಗಿಯಿತು! ಹತ್ತು ದಿನ ಹೋಗಿ ಎರಡು ಗಂಟೆ ಆಯ್ತು.

ಮತ್ತೆ ಚುಚ್ಚಿದ. ತೆವಳಿತು. ಕಿತ್ತ. ಓಡಿತು. “ಸಿಕ್ಕಿಬಿದ್ಯಾ ಮಗನೇ” ಅಂದ ಜೋರಾಗಿ. ಡಬ್ಬಿ ಬಾಗಿಲ ಒಳಗೆ ಅಂಟಿಸಿದ್ದ ಚೀಟಿ ನೋಡಿದ. ಯಾವ ನಂಬರಿನ ವಯರು ಎಲ್ಲಿಗೆ ಹೋಗುತ್ತೆ ಅಂತ ಅವನೇ ಬರೆದದ್ದು, ಅವನದೇ ಕೋಳಿಕಾಲಿನ ಅಕ್ಷರ. ೧೪, ಮೇಲಿನ ಓದೋ ಕೋಣೆ.

ಆಗ ಅವನ ಕೈ ನಿಂತಿತು.

ಮೇಲಿನ ಓದೋ ಕೋಣೇಲಿ ಏನೂ ಇರಲಿಲ್ಲ. ಎರಡು ದಿನದ ಹಿಂದೆ ಖಾಲಿ ಮಾಡಿದ್ದೇ ಅವನು. ಕಂಪ್ಯೂಟರು, ಮೈಕು, ಮೇಜು, ಕುರ್ಚಿ ಎಲ್ಲ ಲಾರಿಗೆ ಏರಿಸಿದ್ದ. ಗೋಡೆ ಗಡಿಯಾರವನ್ನೂ ಅವನೇ ಸ್ಟೂಲು ಹತ್ತಿ ಇಳಿಸಿದ್ದ. ಕೋಣೆಗೆ ಬೀಗ ಹಾಕಿ ಕೀಲಿ ಆಫೀಸಿನವರಿಗೆ ಕೊಟ್ಟಾಗಿತ್ತು.

ಎಲ್ಲೋ ವಯರು ಇಲಿ ಕಡಿದಿರಬೇಕು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹದಿನಾಲ್ಕನ್ನ ಕಿತ್ತೇ ಬಿಟ್ಟು ಕುರ್ಚೀಲಿ ಕೂತ. ಫೈಲುಗಳು ಸರಸರ ಹೋದವು. ಎರಡು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಮುಗೀತು. ಎಲ್ಲ ಅಂದರೆ… ಒಂದು ಬಿಟ್ಟು. ಪರದೆ ಮೇಲೆ ಒಂದು ಸಾಲು ಬಂತು. ‘ಈ ಫೈಲನ್ನು ನಕಲು ಮಾಡಲಾಗಲಿಲ್ಲ. ಬೇರೆ ಕಡೆ ತೆರೆದಿದೆ. ಬರೆಯಲಾಗುತ್ತಿದೆ.’

ಹೆಸರು ನೋಡಿದ. ಪುಟ್ಟಿಯ ಪುಸ್ತಕ. ಅಧ್ಯಾಯ ಹನ್ನೆರಡು.

ಅದರ ಉದ್ದ ನೋಡಿದ. ಟೀಚರ್ ಹೋದಾಗ ಎಂಟು ನಿಮಿಷ ಇತ್ತು, ಅವನೇ ಕಣ್ಣಾರೆ ನೋಡಿದ್ದ. ಈಗ ಇಪ್ಪತ್ತಾರು ನಿಮಿಷ.

ಇಲ್ಲಿ ಸ್ವಲ್ಪ ಯೋಚನೆ ಮಾಡಿ. ಅವನ ಕೆಲಸ ಮುಗಿದಿತ್ತು. ಒಂದು ಫೈಲು ಹೋಗದಿದ್ದರೆ ಯಾರೂ ಕೇಳ್ತಿರಲಿಲ್ಲ, ಅದು ಹೇಗೂ ಅರ್ಧ ಓದಿದ್ದು ಅಂತ ಎಲ್ಲರಿಗೂ ಗೊತ್ತು. ನಾನಾಗಿದ್ದರೆ ಚಪ್ಪಲಿಯನ್ನೂ ಬಿಟ್ಟು ಓಡ್ತಿದ್ದೆ. ಆದರೆ ಆರು ಗಂಟೆಗೆ ಕರೆಂಟು ಹೋದರೆ ಆ ಅಧ್ಯಾಯ ಅಲ್ಲಿಗೇ ಹೋಯ್ತು. ಸೋಮವಾರ ಪುಟ್ಟಿಯ ಪರೀಕ್ಷೆ. “ಬಂತಾಣ್ಣ?” ಅಂತ ಅವಳು ಬಾಗಿಲಲ್ಲಿ ನಿಂತು ಕೇಳೋದು ಅವನ ಕಣ್ಣಿಗೆ ಕಟ್ಟಿತು.

ಹದಿನಾಲ್ಕನೇ ವಯರನ್ನ ಎತ್ತಿದ. ಮೊದಲ ಸಲ ತೂತಿಗೆ ಸೇರಲಿಲ್ಲ. ಎರಡನೇ ಸಲ ‘ಟಿಚ್’ ಅಂತ ಕೂತಿತು. ದೀಪ ಹತ್ತಿತು. ಬೇರೆ ದೀಪಗಳ ಹಾಗೆ ಹಸಿರಲ್ಲ, ಹಳದಿ. ಪಟಪಟ ಮಿಣುಕಲಿಲ್ಲ. ನಿಧಾನಕ್ಕೆ ಹತ್ತೋದು… ನಿಧಾನಕ್ಕೆ ಆರೋದು. ಮಲಗಿದವರ ಎದೆ ಏರಿಳಿದ ಹಾಗೆ.

ಹೆಡ್‌ಫೋನು ಹಾಕ್ಕೊಂಡು ಆ ಫೈಲನ್ನ ಈಗ ಬರೀತಿರೋ ಕಡೆಗೇ ಎಳೆದ. ಮೊದಲು ಬರೀ ಸರ್ ಅನ್ನೋ ಸದ್ದು. ಆಮೇಲೆ…

“…ಶಬ್ದವು ಮೊದಲು ಹೊರಗಿವಿಯ ನಾಳದೊಳಗೆ ಹೋಗುತ್ತದೆ. ಅದರ ಕೊನೆಯಲ್ಲಿ ತೆಳುವಾದ ಒಂದು ಪೊರೆ ಇದೆ…”

ಟೀಚರ್ ದನಿ. ಅದೇ ದನಿ, ಸ್ವಲ್ಪ ನೆಗಡಿಯಾದ ಹಾಗೆ. ಹನ್ನೆರಡನೇ ಅಧ್ಯಾಯ ಕಿವಿಯದು. ಲೇಟಣ್ಣನಿಗೆ ಕೆಮ್ಮು ಒತ್ತರಿಸಿ ಬಂತು. ತಡೆಯೋಕಾಗದೆ ಕೆಮ್ಮಿದ.

ಹೆಡ್‌ಫೋನಿನಲ್ಲಿ ಅವನ ಕೆಮ್ಮು ಕೇಳಿಸಿತು. ದೂರದಿಂದ, ಗೋಡೆ ಆಚೆಯಿಂದ ಬಂದ ಹಾಗೆ. ಓದು ನಿಂತಿತು.

ಟಕ್. ಟಕ್.

“…ಶಬ್ದವು ಮೊದಲು ಹೊರಗಿವಿಯ ನಾಳದೊಳಗೆ ಹೋಗುತ್ತದೆ…”

ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದು ಹೊರಗೆ ಓಡಿ… ಓಡಲಿಲ್ಲ ಅನ್ನಿ, ಕಾಲು ಬರಲಿಲ್ಲ. ಗೋಡೆ ಹಿಡ್ಕೊಂಡು ಮೆಟ್ಟಿಲ ಹತ್ತಿರ ಬಂದ. ತಾತ ಅಲ್ಲಿಗೆ ಬಂದು ನಿಂತಿದ್ದ.

“ಮೇಲೆ ಹೋಗಬೇಡ” ಅಂದ ತಾತ, ಉಸಿರಲ್ಲೇ.

“ಯಾಕೆ?”

“ದೀಪ ಹತ್ತಿದೆ.”

“ಯಾವಾಗಿಂದ?”

“ನೀನು ಹೋದ ಮೇಲೆ ನೋಡಿದ್ದು. ಅದಕ್ಕೇ ಫೋನಲ್ಲಿ ಮೆಲ್ಲಗೆ ಮಾತಾಡಿದ್ದು.”

ಮೂವತ್ತು ವರ್ಷದ ಅಭ್ಯಾಸ ನೋಡಿ. ಬೀಗ ಹಾಕಿದ ಖಾಲಿ ಕೋಣೆ ಮೇಲೆ ಕೆಂಪು ದೀಪ ಹತ್ತಿದರೂ ಆ ತಾತನಿಗೆ ಮೊದಲು ಬಂದ ಬುದ್ಧಿ, ದನಿ ತಗ್ಗಿಸೋದು.

ಆದರೂ ಲೇಟಣ್ಣ ಹತ್ತಿದ. ಯಾಕೆ ಹತ್ತಿದ ಅಂದರೆ ಅವನಿಗೂ ಗೊತ್ತಿಲ್ಲ. ಹದಿನೆಂಟು ಮೆಟ್ಟಿಲು. ಕೊನೇ ತಿರುವಲ್ಲಿ ಗೋಡೆ ಮೇಲೆ ಕೆಂಪು ಬೆಳಕು ಬಿದ್ದಿತ್ತು. ಬಾಗಿಲಿಗೆ ಬೀಗ ಇತ್ತು. ಬಾಗಿಲಲ್ಲಿ ಅಂಗೈ ಅಗಲದ ಗಾಜು. ಟಾರ್ಚು ಹಾಕಿದ. ಖಾಲಿ ನೆಲ. ಗೋಡೆ ಮೇಲೆ ಗಡಿಯಾರ ಇದ್ದ ಕಡೆ ಒಂದು ದುಂಡನೆ ಬಿಳೀ ಗುರುತು. ಕೆಳಗೆ ಗೋಡೆಯಲ್ಲಿ ವಯರು ಚುಚ್ಚೋ ತೂತು. ಅದರಲ್ಲಿ ಏನೂ ಇರಲಿಲ್ಲ. ಒಂದು ಎಳೆ ದಾರವೂ ಇರಲಿಲ್ಲ.

ಒಳಗಿಂದ ಸದ್ದಿಲ್ಲ. ಬಗ್ಗಿ ಇನ್ನೂ ಹತ್ತಿರ ನೋಡೋಕೆ ಹೋದ. ಸೊಂಟದ ಕೀಗೊಂಚಲು ಬಾಗಿಲಿಗೆ ತಗುಲಿತು. ಝಲ್.

ಆಗ ಒಳಗೆ… ಆ ಖಾಲಿ ಕೋಣೇಲಿ… ಮೇಜು ಇಲ್ಲದ ಕೋಣೇಲಿ…

ಟಕ್. ಟಕ್.

ಹೇಗೆ ಕೆಳಗೆ ಬಂದೆ ಅನ್ನೋದು ಅವನಿಗೆ ನೆನಪಿಲ್ಲ. ಗೋಡೆಗೆ ಒರಗಿ ನಿಂತಾಗ ಒಂದು ವಿಷಯ ಅವನ ತಲೆಗೆ ಹೊಳೆದು ಮೈ ಜುಮ್ ಅಂತು. ರಾತ್ರಿ ಒಂಬತ್ತರಿಂದ ಇವನು ಕುರ್ಚಿ ಎಳೆದದ್ದು, ಗಂಟು ಕಟ್ಟಿದ್ದು, ಡಬ್ಬಿ ಆರಿಸಿದ್ದು, ವಯರು ಕಿತ್ತದ್ದು, “ಸಿಕ್ಕಿಬಿದ್ಯಾ ಮಗನೇ” ಅಂತ ಕೂಗಿದ್ದು… ಒಂದೊಂದಕ್ಕೂ ಮೇಲೆ ಯಾರೋ ಎರಡು ಸಲ ಕುಟ್ಟಿ ಮತ್ತೆ ಮೊದಲಿನಿಂದ ಓದ್ತಾ ಕೂತಿದ್ದಾರೆ. ಫೈಲು ಮುಗಿಯದೇ ಇರೋದು ಇವನ ಸದ್ದಿಗೆ. ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಊರೆಲ್ಲ ಹುಡುಕಿದನಲ್ಲ, ಸಿಕ್ಕಿಹಾಕ್ಕೊಂಡಿದ್ದು ಇವನಲ್ಲೇ!

ತಾತನಿಗೆ ಸನ್ನೆ ಮಾಡಿ ಗೇಟಿನ ಆಚೆ ಕಳಿಸಿದ. ಫೋನು ಆರಿಸಿದ. ಚಪ್ಪಲಿ ಬಿಟ್ಟ. ಕೀಗೊಂಚಲನ್ನ ಕರ್ಚೀಫಲ್ಲಿ ಸುತ್ತಿದ. ಗಡಿಯಾರ ಬಿಚ್ಚಿ ಟವೆಲಲ್ಲಿ ನಾಲ್ಕು ಸುತ್ತು ಸುತ್ತಿ, ಸಾಮಾನಿನ ಚೀಲದ ತಳಕ್ಕೆ ತುರುಕಿ, ಚೀಲವನ್ನ ತನ್ನ ಹಿಂದೆ ಮೂಲೇಲಿ ಇಟ್ಟ. ಟಿಕಿ ಟಿಕಿ ಸದ್ದು ಪೂರ್ತಿ ನಿಂತದ್ದನ್ನ ಕಿವಿಗೊಟ್ಟು ಖಾತ್ರಿ ಮಾಡ್ಕೊಂಡ. ಕುರ್ಚೀಲಿ ಕೂತು, ಹೆಡ್‌ಫೋನು ಹಾಕ್ಕೊಂಡು, ಎರಡು ಕೈಯನ್ನೂ ತೊಡೆ ಮೇಲೆ ಇಟ್ಕೊಂಡ. ಅಲ್ಲಾಡಲಿಲ್ಲ.

“…ಪೊರೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಇಡೀ ದೇಹದಲ್ಲಿ ಇವಕ್ಕಿಂತ ಚಿಕ್ಕ ಮೂಳೆ ಇಲ್ಲ…”

ಟೀಚರ್ ಓದಿದರು. ಇವನು ಕೇಳಿದ. ಪುಟ ತಿರುಗಿಸಿದಾಗ ‘ಸರ್ರ್’ ಅನ್ನೋದು. ಒಂದು ಸೊಳ್ಳೆ ಬಂದು ಅವನ ಕತ್ತಿನ ಮೇಲೆ ಕೂತು ಹೊಟ್ಟೆ ತುಂಬ ಕುಡೀತು, ಹೊಡೀಲಿಲ್ಲ. ಸೀನು ಬಂತು, ಮೂಗು ಹಿಡ್ಕೊಂಡು ನುಂಗಿದ. ಕಣ್ಣಲ್ಲಿ ನೀರು ಸುರೀತಿತ್ತು. ಅದು ಸೀನಿಗೋ, ಹೆದರಿಕೆಗೋ ಗೊತ್ತಿಲ್ಲ ಅಂದ. ಮೂವತ್ತು ನಿಮಿಷ ದಾಟಿತು. ನಲವತ್ತು. ಐವತ್ತು. ಒಂದು ಸಲವೂ ಟಕ್ ಟಕ್ ಬರಲಿಲ್ಲ.

ಆಮೇಲೆ ಓದೋ ದನಿಯ ಹಿಂದೆ ಇನ್ನೊಂದು ಸದ್ದು ಸೇರಿಕೊಂಡಿತು. ಮೊದಲು ಸಣ್ಣಗೆ. ಹತ್ತಿರ ಬಂತು. ಇನ್ನೂ ಹತ್ತಿರ. ಮೈಕಿನ ಪಕ್ಕದಲ್ಲೇ ಇಟ್ಟ ಹಾಗೆ.

ಟಿಕಿ ಟಿಕಿ ಟಿಕಿ… ಟಿಕ್.

ಅಯ್ಯೋ, ನನ್ನ ಗಡಿಯಾರ ಕೇಳಿಸ್ತಿದೆ, ಈಗ ಮತ್ತೆ ಕುಟ್ಟಿ ಮೊದಲಿನಿಂದ ಶುರು ಮಾಡ್ತಾರೆ ಅಂತ ಗಾಬರಿಯಾಗಿ ಎಡಗೈ ಮೇಲೆ ಬಲಗೈ ಮುಚ್ಚಿದ. ಮಣಿಕಟ್ಟು ಖಾಲಿ ಇತ್ತು.

ಟಿಕಿ ಟಿಕಿ ಟಿಕಿ… ಟಿಕ್.

ಚೀಲ ಹಿಂದಿತ್ತು. ತಿರುಗಿ ನೋಡಿದರೆ ಗೊತ್ತಾಗ್ತಿತ್ತು. ತಿರುಗಲಿಲ್ಲ. ಏನು ಕೊಟ್ಟರೂ ತಿರುಗ್ತಿರಲಿಲ್ಲ ಅಂದ. ಬೆನ್ನ ಮೇಲೆ ತಣ್ಣಗೆ ಗಾಳಿ ಆಡಿದ ಹಾಗಾಯ್ತು, ಕಿಟಕಿ ಎಲ್ಲ ಮುಚ್ಚಿತ್ತು. ಇನ್ನು ಕೇಳೋಕಾಗಲ್ಲ ಅನ್ನಿಸಿ ಹೆಡ್‌ಫೋನನ್ನ ಮೆಲ್ಲಗೆ, ಒಂದು ಚೂರೂ ಸದ್ದಾಗದ ಹಾಗೆ ತೆಗೆದು ಮಡಿಲಲ್ಲಿ ಇಟ್ಕೊಂಡ. ಬರೀ ಪರದೆ ನೋಡ್ತಾ ಕೂತ. ಫೈಲಿನ ಉದ್ದ ಬೆಳೀತಾ ಇತ್ತು… ಬೆಳೀತಾ ಇತ್ತು… ನಿಂತಿತು.

ಹಸಿರು ಪಟ್ಟಿ ಚಕ್ ಅಂತ ಈ ತುದಿಯಿಂದ ಆ ತುದಿಗೆ ಓಡಿತು. ‘ನಕಲು ಮುಗಿಯಿತು.’ ಹದಿನಾಲ್ಕರ ಹಳದಿ ದೀಪ ಒಂದು ಸಲ ಹತ್ತಿ, ಆರಿ, ಮತ್ತೆ ಹತ್ತಲಿಲ್ಲ.

ಹೊಸ ಪೆಟ್ಟಿಗೆಯನ್ನ ಕಂಕುಳಲ್ಲಿ ಅವುಚಿಕೊಂಡ. ಚೀಲ ಎತ್ತೋಕೆ ಬಗ್ಗಿದಾಗ ನೋಡಿದ. ಚೀಲದ ಬಾಯಿ ತೆರೆದಿತ್ತು. ಟವೆಲು ಮೇಲಕ್ಕೆ ಬಂದಿತ್ತು, ನೀಟಾಗಿ ಮಡಚಿತ್ತು. ಅದರ ಮೇಲೆ ಗಡಿಯಾರ, ಮುಖ ಮೇಲೆ ಮಾಡಿಕೊಂಡು. ಅವತ್ತು ಅವನು ಓಡಿದ. ಬರಿಗಾಲಲ್ಲಿ, ಗೇಟು ದಾಟಿ ಓಡಿದ್ದನ್ನ ವಾಚ್‌ಮನ್ ತಾತ ಕಣ್ಣಾರೆ ನೋಡಿದ್ದಾನೆ.

ಪುಟ್ಟಿ ಶನಿವಾರ, ಭಾನುವಾರ ಕಿವಿಯಿಂದ ಹೆಡ್‌ಫೋನು ತೆಗೀಲಿಲ್ಲ. ಇವನು ಜ್ವರ ಅಂತ ಹೊದ್ದು ಮಲಗಿದ್ದ. ಭಾನುವಾರ ಸಂಜೆ ಟೀ ಕೊಡೋಕೆ ಬಂದವಳು ಮಂಚದ ತುದೀಲಿ ಕೂತಳು.

“ಅಣ್ಣಾ, ಟೀಚರ್‌ಗೆ ನಾಳೆ ಫೋನು ಮಾಡ್ತೀನಿ. ಪಾಪ, ನಂಗೋಸ್ಕರ ರಾತ್ರಿಯೆಲ್ಲ ಕೂತು ಓದಿದ್ದಾರೆ.”

“ಪರೀಕ್ಷೆ ಮುಗೀಲಿ, ಮಾಡುವಂತೆ.”

“ಕೊನೇಲಿ ಮಾತ್ರ ತಪ್ಪಿದ್ದಾರೆ ನೋಡು. ಅವರು ಯಾವತ್ತೂ ನಿಮಿಷ ತಪ್ಪೋರಲ್ಲ.”

“ಏನು ತಪ್ಪು?”

“ಫೈಲು ಮುಗಿದದ್ದು ಮೂರು ಐವತ್ತಾರಕ್ಕೆ ಅಂತ ನನ್ನ ಮಷೀನು ಓದಿ ಹೇಳುತ್ತೆ. ಟೀಚರ್ ಹೇಳೋದು, ‘ಶನಿವಾರ, ಬೆಳಗಿನ ಜಾವ ನಾಲ್ಕು ಗಂಟೆ ಐದು ನಿಮಿಷ’ ಅಂತ. ಒಂಬತ್ತು ನಿಮಿಷ ಮುಂದೆ.”

ಅವನ ಕೈಯಲ್ಲಿದ್ದ ಲೋಟ ಓರೆಯಾಗಿ ಟೀ ಎಲ್ಲ ಹಾಸಿಗೆ ಮೇಲೆ ಚೆಲ್ಲಿತು.

ಪುಟ್ಟಿ ಪಾಸಾದಳು. ಕಿವಿಯ ಮೇಲೇ ದೊಡ್ಡ ಪ್ರಶ್ನೆ ಬಂದಿತ್ತಂತೆ. ಟೀಚರ್ ಯಾವಾಗ ತೀರಿಕೊಂಡದ್ದು ಅಂತ ಆಮೇಲೆ ಗೊತ್ತಾದಾಗ ಅವಳು ಅವತ್ತೆಲ್ಲ ಊಟ ಮಾಡಲಿಲ್ಲ. ಆ ಅಧ್ಯಾಯವನ್ನ ಮಾತ್ರ ಅಳಿಸೋಕೆ ಬಿಟ್ಟಿಲ್ಲ. ನಾನೂ ಕಿವಿಯಾರೆ ಕೇಳಿದ್ದೀನಿ. ಕಂಪ್ಯೂಟರಿನ ಸಮಯವೇ ತಪ್ಪಿರಬಹುದು ಅಂತ ನಾನೂ ವಾದ ಮಾಡಿ ನೋಡಿದೆ. ಹೊಸ ಕಟ್ಟಡದಲ್ಲಿ ಆ ಪೆಟ್ಟಿಗೆಯನ್ನೇ ಹಚ್ಚಿ ತೋರಿಸಿದರು, ನಿಮಿಷಕ್ಕೆ ಸರಿಯಾಗಿತ್ತು. ಅಧ್ಯಾಯದ ಕೊನೆ ಮಾತಿಗೆ ಮುಂಚೆ ಟೀಚರ್ ಒಂದು ಗಳಿಗೆ ಸುಮ್ಮನಾಗ್ತಾರೆ. ಬಗ್ಗಿ ಏನೋ ನೋಡೋರ ಹಾಗೆ. ಆ ಗಳಿಗೇಲಿ ಕುಂಟು ಸದ್ದು ಚೆನ್ನಾಗಿ ಕೇಳುತ್ತೆ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಈಗ ಲೇಟಣ್ಣ ಗಡಿಯಾರವನ್ನ ಮುಂದೆ ಇಡಲ್ಲ. ದಿನಾ ರಾತ್ರಿ ಮಲಗೋ ಮುಂಚೆ ರೇಡಿಯೋ ಸಮಯಕ್ಕೆ ಹೊಂದಿಸಿ, ಕೀ ಕೊಟ್ಟು, ಮುಖ ಮೇಲೆ ಮಾಡಿ ಮೇಜಿನ ಮೇಲೆ ಇಟ್ಟು ಮಲಗ್ತಾನೆ. ಯಾಕೋ, ಒಂಬತ್ತು ನಿಮಿಷದ ಔಷಧಿ ಬಿಟ್ಟುಬಿಟ್ಯಾ ಅಂತ ಕೇಳಿದೆ.

“ಯಾರು ಯಾವಾಗ ನೋಡ್ತಾರೋ” ಅಂದ.